ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಪೇಜು ತೆರೆಯದು: ಮನೆಯ ಲಿನಕ್ಸ್ ರೂಟರಿನಲ್ಲಿ ದೋಷ ಹುಡುಕುವ ಬಗೆ

ಶಿವಮೊಗ್ಗದ ಅಕ್ಕನ ಮನೆಗೆ ನಾನೇ ಒಂದು ರೂಟರು ಸಿದ್ಧಮಾಡಿ ಕೊಟ್ಟಿದ್ದೆ. ಎರಡು ಈಥರ್ನೆಟ್ ಪೋರ್ಟಿನ ಅಂಗೈಯಗಲದ ಪೆಟ್ಟಿಗೆ, ಒಳಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ, ರೂಟರುಗಳಿಗೆಂದೇ ಮಾಡಿದ ಲಿನಕ್ಸ್. ಹಾಕಿ ಬಂದ ಮೂರನೇ ದಿನಕ್ಕೆ ಫೋನು.

“ಏನೋ, ನಿನ್ನ ಡಬ್ಬಿ ಹಾಕಿದಾಗಿಂದ ಬ್ಯಾಂಕಿನ ಪೇಜು ಸುಮ್ನೆ ತಿರುಗ್ತಾನೇ ಇರತ್ತೆ.”

“ಯೂಟ್ಯೂಬ್ ಬರ್ತಿದೆಯಾ ಅಕ್ಕ?”

“ಅದಕ್ಕೇನೂ ಆಗಿಲ್ಲ. ವಾಟ್ಸಾಪೂ ಬರತ್ತೆ. ಬ್ಯಾಂಕು, ಮಗನ ಫೀಸು ಕಟ್ಟೋದು, ಇವೆರಡೇ ಬರಲ್ಲ. ಕೇಬಲ್‌ನವರ ಹಳೇ ಡಬ್ಬಿ ಹಾಕಿದ್ರೆ ಎಲ್ಲಾ ಸರಿಯಾಗತ್ತೆ.”

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಅವಳ ಮಗನಿಗೆ ಫೋನಿನಲ್ಲೇ ಹೇಳಿ, ಬೇಡದ್ದನ್ನು ತಡೆಯುವ ಕಾವಲಾದ ಫೈರ್‌ವಾಲನ್ನು ನಿಲ್ಲಿಸಿದೆ. ಬರುತ್ತಿದ್ದ ಯೂಟ್ಯೂಬೂ ಹೋಯಿತು. ಮತ್ತೆ ಶುರು ಮಾಡಿದರೆ ಯೂಟ್ಯೂಬ್ ಬಂತು, ಬ್ಯಾಂಕು ಬರಲಿಲ್ಲ. ಇದರಿಂದ ಏನೂ ತಿಳಿಯಲಿಲ್ಲ, ಆದರೆ ಏನೋ ತಿಳಿಯಿತು ಅಂದುಕೊಂಡು ಅರ್ಧ ರಾತ್ರಿ ನಿಯಮಗಳನ್ನು ತಿರುವಿ ಹಾಕಿದೆ.

ಫೈರ್‌ವಾಲ್ ನಿಲ್ಲಿಸಿ ನೋಡುವುದು ಪರೀಕ್ಷೆಯೇ ಅಲ್ಲ. ಮನೆಯ ರೂಟರಿನಲ್ಲಿ ತಡೆಯುವ ನಿಯಮಗಳೂ ಒಳಗಿನ 192.168ರ ವಿಳಾಸಗಳನ್ನು ಹೊರಗಿನ ಒಂದು ವಿಳಾಸಕ್ಕೆ ಬದಲಿಸುವ ಮಾಸ್ಕರೇಡಿಂಗೂ ಒಂದೇ ಕಡೆ ಇರುತ್ತವೆ. ಫೈರ್‌ವಾಲ್ ನಿಂತರೆ ಎರಡೂ ಹೋಗುತ್ತವೆ. ಪ್ಯಾಕೆಟ್ಟುಗಳು, ಅಂದರೆ ನೆಟ್‌ನಲ್ಲಿ ಓಡಾಡುವ ಮಾಹಿತಿಯ ತುಣುಕುಗಳು, 192.168ರ ವಿಳಾಸವನ್ನೇ ಹೊತ್ತು ಹೊರಗೆ ಹೋಗುತ್ತವೆ, ಉತ್ತರ ಯಾರಿಂದಲೂ ವಾಪಸ್ ಬರುವುದಿಲ್ಲ. ಅಷ್ಟು ಹೊತ್ತೂ ಪೆಟ್ಟಿಗೆ ಹೊರಗಿನವರಿಗೆ ಬಾಗಿಲು ತೆರೆದು ಕೂತಿರುತ್ತದೆ ಎನ್ನುವುದು ಬೇರೆ.

ನಲ್ಲಿಯಲ್ಲಿ ನೀರಿಲ್ಲ ಅಂದರೆ ತಿಳಿದ ಪ್ಲಂಬರು ನಲ್ಲಿ ಬಿಚ್ಚುವುದಿಲ್ಲ. ಸಂಪಿನ ಮುಚ್ಚಳ ತೆಗೆದು ನೋಡುತ್ತಾನೆ, ಮೋಟಾರು ಕೇಳಿಸಿಕೊಳ್ಳುತ್ತಾನೆ, ಮೇಲೆ ಹತ್ತಿ ಟ್ಯಾಂಕು ಇಣುಕುತ್ತಾನೆ. ನೀರು ಎಲ್ಲಿಯವರೆಗೆ ಬಂದಿದೆ ಅನ್ನುವುದೊಂದೇ ಅವನ ಪ್ರಶ್ನೆ. ರೂಟರಿನ ಮುಂದೆ ಕೂತಾಗಲೂ ಅದೇ ಪ್ರಶ್ನೆ: ಪ್ಯಾಕೆಟ್ಟು ಎಲ್ಲಿಯವರೆಗೆ ಹೋಯಿತು? ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಕಾಗದದ ಮೇಲೆ ಬರೆಯಿರಿ. ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಓಪನ್‌ಡಬ್ಲ್ಯುಆರ್‌ಟಿಯ ಜೊತೆ ಬರುವುದಿಲ್ಲ. ನೆಟ್ ಚೆನ್ನಾಗಿದ್ದಾಗಲೇ ಹಾಕಿಟ್ಟುಕೊಳ್ಳಿ, ಕೆಟ್ಟ ಮೇಲೆ ಇಳಿಸಿಕೊಳ್ಳಲು ದಾರಿ ಇರುವುದಿಲ್ಲ.

ಮೊದಲು ತಂತಿ

ಇಲ್ಲಿ ಹೆಚ್ಚು ಹೊತ್ತು ಬೇಡ, ಆದರೆ ದಾಟಿ ಹೋಗಬೇಡಿ. ವ್ಯಾನ್ (ಆಪರೇಟರಿನ ಕಡೆಯ) ಪೋರ್ಟ್ ಯಾವುದು ಎಂಬ ಅನುಮಾನವಿದ್ದರೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಲಾಗ್‌ರೀಡ್ ಕಮಾಂಡಿನಿಂದ ರೂಟರಿನ ಲಾಗ್ (ದಿನಚರಿ) ನೋಡಿ, ಯಾವ ಹೆಸರಿನ ಪೋರ್ಟ್ ಬಿದ್ದು ಎದ್ದಿತು ಅಂತ ಅದರಲ್ಲೇ ಇರುತ್ತದೆ. ಎರಡೂ ಕೇಬಲ್ ಅದಲುಬದಲಾಗಿದ್ದು ಗಂಟೆಗಟ್ಟಲೆ ಹುಡುಕಿದವರು ಕಡಿಮೆಯಿಲ್ಲ.

ಸ್ಪೀಡ್ ಟೆಸ್ಟ್ ಎಷ್ಟು ಸಲ ಮಾಡಿದರೂ 94 ಎಂಬಿಪಿಎಸ್ ಹತ್ತಿರ ಬಂದು ನಿಲ್ಲುತ್ತಿದ್ದರೆ ಅದು ಪ್ಲಾನಿನ ತಪ್ಪಲ್ಲ, ಕೊಂಡಿ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ಎಳೆ ಬೇಕು, 100ಕ್ಕೆ 1, 2, 3, 6ನೇ ಎಳೆಗಳು ಸಾಕು. ಉಳಿದ ನಾಲ್ಕರಲ್ಲಿ ಒಂದು ತುಂಡಾದರೂ ಬಹಳಷ್ಟು ಪೋರ್ಟುಗಳು ದೂರು ಹೇಳದೆ 100ಕ್ಕೆ ಇಳಿದು ಸುಮ್ಮನಾಗುತ್ತವೆ. ಈಥ್‌ಟೂಲ್ ಕಮಾಂಡನ್ನು ಕೇಳಿದರೆ ಕೊಂಡಿಯ ವೇಗ ಹೇಳುತ್ತದೆ. ಪರಿಹಾರ ಹೊಸ ಕೇಬಲ್ಲು.

ವ್ಯಾನ್ ವಿಳಾಸ ಏನು ಹೇಳುತ್ತದೆ

ರೂಟರನ್ನು ಬ್ರೌಸರಿನಿಂದ ನಡೆಸುವ ಲೂಸಿಯ ಮೊದಲ ಪುಟದಲ್ಲೇ ವ್ಯಾನ್ ಕಡೆಯ ವಿಳಾಸ ಕಾಣುತ್ತದೆ. ಅರ್ಧ ರೋಗ ಅದರಲ್ಲೇ ಗೊತ್ತಾಗುತ್ತದೆ.

ವಿಳಾಸ 192.168.1ರಿಂದ ಶುರುವಾಗಿದ್ದು, ಒಳಗಿನ ಲ್ಯಾನ್ ಕೂಡ 192.168.1.1 ಆಗಿದೆಯೇ? ಓಪನ್‌ಡಬ್ಲ್ಯುಆರ್‌ಟಿಯ ಹುಟ್ಟು ವಿಳಾಸ 192.168.1.1. ಆಪರೇಟರುಗಳು ಕೊಡುವ ಎಷ್ಟೋ ಫೈಬರ್ ಮೋಡೆಮ್‌ಗಳದ್ದೂ ಅದೇ. ಒಂದೇ ಬೀದಿಯ ಹೆಸರು ಮನೆಯ ಮುಂದೂ ಹಿಂದೂ ಇದ್ದ ಹಾಗೆ, ಯಾವ ಕಡೆ ಹೋಗಬೇಕೆಂದು ಲಿನಕ್ಸಿನ ತಿರುಳಾದ ಕರ್ನಲ್‌ಗೆ ತಿಳಿಯದು. ನಿಮ್ಮ ಲ್ಯಾನನ್ನು 192.168.50.1 ಥರದ್ದಕ್ಕೆ ಬದಲಿಸಿ. ಮೋಡೆಮನ್ನು ಬ್ರಿಡ್ಜ್ ಮೋಡಿಗೆ, ಅಂದರೆ ಬರೀ ದಾಟಿಸುವ ಕೆಲಸಕ್ಕೆ, ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು, ವಿಳಾಸ ಎರಡೆರಡು ಸಲ ಬದಲಾಗುವುದು ತಪ್ಪುತ್ತದೆ.

100.64ರಿಂದ 100.127ರ ನಡುವೆ ಇದೆಯೇ? ನೀವು ಆಪರೇಟರಿನ ದೊಡ್ಡ ನ್ಯಾಟ್‌ನ (ಬಹಳ ಮನೆಗಳಿಗೆ ಒಂದೇ ಹೊರವಿಳಾಸ ಹಂಚುವ ವ್ಯವಸ್ಥೆಯ) ಹಿಂದಿದ್ದೀರಿ. 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟ ವಿಳಾಸಗಳಿವು. ನೋಡುವುದಕ್ಕೆ, ಇಳಿಸಿಕೊಳ್ಳುವುದಕ್ಕೆ ತೊಂದರೆಯಿಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಬೇಕು, ಹೊರಗಿನಿಂದ ಬಂದದ್ದನ್ನು ಒಳಗಿನ ಒಂದು ಯಂತ್ರಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡ್ ಮಾಡಬೇಕು ಅಂದರೆ ಮಾತ್ರ ಆಗದು. ನಿಮ್ಮ ನಿಯಮ ಎಷ್ಟೇ ಸರಿಯಿರಲಿ, ಪ್ಯಾಕೆಟ್ಟು ನಿಮ್ಮ ಮನೆ ಬಾಗಿಲಿಗೇ ಬರುವುದಿಲ್ಲ.

ವಿಳಾಸವೇ ಇಲ್ಲವೇ? ವಿಳಾಸ ತಾನಾಗಿ ಬರುವ ಡಿಎಚ್‌ಸಿಪಿ ಸಂಪರ್ಕವಾಗಿದ್ದರೆ ಆಪರೇಟರು ಹಳೆಯ ರೂಟರಿನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಹುಟ್ಟು ಗುರುತಿಗೆ) ಲೈನನ್ನು ಕಟ್ಟಿಹಾಕಿರಬಹುದು. ಹಳೇ ಡಬ್ಬಿಯ ಬೆನ್ನಿನ ಮೇಲಿನ ಮ್ಯಾಕನ್ನು ಹೊಸದರ ವ್ಯಾನ್‌ಗೆ ಕೊಡಿ, ಅಥವಾ ಫೋನು ಮಾಡಿ ಬದಲಿಸಲು ಹೇಳಿ. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಒಇ ಆಗಿದ್ದರೆ ರೂಟರಿನ ಲಾಗ್‌ನಲ್ಲಿ ಎರಡು ಬಗೆಯ ಸಾಲು ಹುಡುಕಿ. ‘ಟೈಮೌಟ್ ವೇಟಿಂಗ್ ಫಾರ್ ಪಿಎಡಿಒ ಪ್ಯಾಕೆಟ್ಸ್’ ಅಂದರೆ ನಾವು ಕೂಗಿದ್ದು ಆ ಕಡೆ ಯಾರಿಗೂ ಕೇಳಿಸಲಿಲ್ಲ: ಮೋಡೆಮ್ ಬ್ರಿಡ್ಜಿನಲ್ಲಿಲ್ಲ, ಇಲ್ಲವೇ ಆಪರೇಟರು ವಿಲ್ಯಾನ್ ಸಂಖ್ಯೆಯೊಂದನ್ನು (ಯಾವ ಜಾಲದ್ದೆಂದು ಹೇಳುವ ಗುರುತನ್ನು) ಎದುರು ನೋಡುತ್ತಿದ್ದಾರೆ, ನಾವು ಸಂಖ್ಯೆಯಿಲ್ಲದೆ ಕಳಿಸುತ್ತಿದ್ದೇವೆ. ‘ಅಥೆಂಟಿಕೇಶನ್ ಫೇಲ್ಡ್’ ಅಂದರೆ ಕೂಗು ಮುಟ್ಟಿದೆ, ಹೆಸರೋ ಪಾಸ್‌ವರ್ಡೋ ಒಪ್ಪಿಗೆಯಾಗಿಲ್ಲ. ಎರಡೂ ಸರಿಯಿದ್ದರೆ ಹಳೇ ಡಬ್ಬಿಯ ಸೆಷನ್ ಆ ಕಡೆ ಇನ್ನೂ ಜೀವಂತವಾಗಿರುವ ಸಾಧ್ಯತೆ ಉಂಟು. ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಹೆಸರು ಕೆಟ್ಟಿದೆಯೋ, ದಾರಿ ಕೆಟ್ಟಿದೆಯೋ

ರೂಟರಿನ ಒಳಗಿಂದ 1.1.1.1ಕ್ಕೆ ಪಿಂಗ್ ಹೋಗಿ ಬರುತ್ತಿದೆ, ಹೆಸರಿಟ್ಟು ಕೇಳಿದರೆ ಇಲ್ಲ ಅಂದರೆ ದಾರಿ ಸರಿ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ. ಎನ್‌ಎಸ್‌ಲುಕಪ್‌ನಲ್ಲಿ ಒಂದೇ ಹೆಸರನ್ನು ಒಮ್ಮೆ ರೂಟರಿಗೆ, ಒಮ್ಮೆ ನೇರವಾಗಿ ಹೊರಗಿನ ಡಿಎನ್‌ಎಸ್ ಆದ 9.9.9.9ಕ್ಕೆ ಕೇಳಿ. ಎರಡನೆಯದು ಮಾತ್ರ ಉತ್ತರಿಸಿದರೆ ದೋಷ ರೂಟರಿನಲ್ಲಿ ಈ ಕೆಲಸ ನೋಡಿಕೊಳ್ಳುವ ಡಿಎನ್‌ಎಸ್‌ಮಾಸ್ಕ್‌ನಲ್ಲೋ, ಅದು ಕೇಳುವ ಡಿಎನ್‌ಎಸ್‌ನಲ್ಲೋ ಇದೆ. ಈ ಪರೀಕ್ಷೆಯನ್ನು ಬ್ರೌಸರಿನಲ್ಲಿ ಮಾಡಬೇಡಿ. ಈಗಿನ ಬ್ರೌಸರುಗಳೂ ಫೋನುಗಳೂ ರೂಟರನ್ನು ಬಿಟ್ಟು ತಮ್ಮದೇ ಡಿಎನ್‌ಎಸ್ ಕೇಳುವುದುಂಟು. ಅಪ್ಪನ ಫೋನಿನಲ್ಲಿ ಬರುತ್ತದೆ, ಅಮ್ಮನದರಲ್ಲಿ ಬರುವುದಿಲ್ಲ ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ನಮ್ಮ ಕಡೆಯ ಸಣ್ಣ ಆಪರೇಟರುಗಳಲ್ಲಿ ಒಂದು ವಿಶೇಷ ಸಂಕಟವಿದೆ. ನೆಟ್ ಶುರುವಾಗಲು ಲಾಗಿನ್ ಪೇಜ್ ತೆರೆಯಬೇಕು, ಆ ಪೇಜಿನ ಹೆಸರು 10ರಿಂದ ಶುರುವಾಗುವ ಖಾಸಗಿ ವಿಳಾಸಕ್ಕೆ ಹೋಗುತ್ತದೆ. ಹೊರಗಿನ ಡಿಎನ್‌ಎಸ್‌ನಿಂದ ಖಾಸಗಿ ವಿಳಾಸ ಬಂದರೆ ಡಿಎನ್‌ಎಸ್‌ಮಾಸ್ಕ್ ಅದನ್ನು ದಾಳಿ ಎಂದು ಎಣಿಸಿ ಎಸೆಯುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಈ ರೀಬೈಂಡ್ ಕಾವಲು ಮೊದಲಿನಿಂದಲೇ ಚಾಲೂ ಇರುತ್ತದೆ. ಲಾಗಿನಲ್ಲಿ ‘ಪಾಸಿಬಲ್ ಡಿಎನ್‌ಎಸ್ ರೀಬೈಂಡ್ ಅಟ್ಯಾಕ್’ ಕಂಡರೆ ಆ ಒಂದು ಡೊಮೈನಿಗೆ ಮಾತ್ರ ವಿನಾಯಿತಿ ಕೊಡಿ. ಕಾವಲನ್ನೇ ತೆಗೆಯುವುದು ಬೇಡ.

ಕರೆಂಟ್ ಹೋಗಿ ಬಂದ ಮೇಲೆ

ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿ ಬಂತು, ನೆಟ್ ಬರಲಿಲ್ಲ. ನಾಲ್ಕು ತಿಂಗಳಿಂದ ಯಾರೂ ಪೆಟ್ಟಿಗೆ ಮುಟ್ಟಿಲ್ಲ. ಇದಕ್ಕೂ ಮೊದಲು ಹತ್ತು ಸಲ ಕರೆಂಟ್ ಹೋಗಿತ್ತು, ಏನೂ ಆಗಿರಲಿಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಗಡಿಯಾರದ ಬ್ಯಾಟರಿ ಇರುವುದಿಲ್ಲ. ಎದ್ದಾಗ ಓಪನ್‌ಡಬ್ಲ್ಯುಆರ್‌ಟಿ ತನ್ನ ಇಟಿಸಿ ಫೋಲ್ಡರಿನಲ್ಲಿ ಎಲ್ಲಕ್ಕಿಂತ ಈಚೆಗೆ ಬದಲಾದ ಫೈಲಿನ ದಿನಾಂಕವನ್ನು ಹಿಡಿದು, ಈಗ ಅದೇ ಹೊತ್ತು ಅಂದುಕೊಳ್ಳುತ್ತದೆ. ಆಮೇಲೆ ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಬಂದು ಸರಿಮಾಡುತ್ತದೆ. ಸೆಟ್ಟಿಂಗ್ ಮುಟ್ಟಿ ಎಷ್ಟು ದಿನವಾಗಿದೆಯೋ ಗಡಿಯಾರ ಅಷ್ಟು ಹಿಂದೆ. ಹೊಸದಾಗಿ ಕಟ್ಟಿದ ರೂಟರು ಕರೆಂಟ್ ಹೋದರೂ ಸರಿಯಾಗಿ ಏಳುವುದು, ಹಳತಾದಂತೆ ಮುಗ್ಗರಿಸುವುದು ಇದಕ್ಕೇ.

ಸುಮ್ಮನೆ ಹಿಂದೆ ಬಿದ್ದರೆ ತೊಂದರೆಯಿಲ್ಲ. ನಾನು ಗೂಢಲಿಪಿಯ ಡಿಎನ್‌ಎಸ್ ಹಾಕಿದ್ದೆ. ಅದಕ್ಕೆ ಸರ್ವರಿನ ಗುರುತು ಹೇಳುವ ಸರ್ಟಿಫಿಕೇಟ್ ಬೇಕು, ಈಚೆಗೆ ಕೊಟ್ಟ ಸರ್ಟಿಫಿಕೇಟು ನಾಲ್ಕು ತಿಂಗಳು ಹಿಂದಿರುವ ಗಡಿಯಾರಕ್ಕೆ ‘ಇನ್ನೂ ಜಾರಿಗೆ ಬಂದಿಲ್ಲ’. ಹಾಗಾಗಿ ಡಿಎನ್‌ಎಸ್ ಇಲ್ಲ. ಡಿಎನ್‌ಎಸ್ ಇಲ್ಲದೆ ಎನ್‌ಟಿಪಿ ಸರ್ವರಿನ ಹೆಸರು ಸಿಗದು, ಎನ್‌ಟಿಪಿ ಇಲ್ಲದೆ ಗಡಿಯಾರ ಸರಿಯಾಗದು. ಡಿಎನ್‌ಎಸ್ ಉತ್ತರದ ಸಹಿ ನೋಡುವ ಡಿಎನ್‌ಎಸ್‌ಸೆಕ್ ಪರಿಶೀಲನೆ ಹಾಕಿದವರಿಗೂ ಇದೇ ಸುತ್ತು ಬರಬಹುದು. ಡೇಟ್ ಕಮಾಂಡು ಹೊಡೆದರೆ ಎರಡು ಸೆಕೆಂಡಿನಲ್ಲಿ ಗೊತ್ತಾಗುವ ರೋಗ, ಆದರೆ ಡೇಟ್ ಹೊಡೆಯಬೇಕೆಂದು ತೋಚುವುದೇ ಇಲ್ಲ. ಎನ್‌ಟಿಪಿ ಪೂಲ್‌ನ ಹೆಸರುಗಳನ್ನು ಮಾತ್ರ ಸಾದಾ ಡಿಎನ್‌ಎಸ್‌ನಲ್ಲಿ ಕೇಳು ಎಂದು ಡಿಎನ್‌ಎಸ್‌ಮಾಸ್ಕ್‌ಗೆ ಒಂದು ಸಾಲು ಬರೆದ ಮೇಲೆ ಸುತ್ತು ಮುರಿಯಿತು.

ಅಕ್ಕನ ಮನೆಯ ದೋಷ

ಈಗ ಬ್ಯಾಂಕಿನ ಪೇಜಿಗೆ. ತಂತಿ ಸರಿ, ವಿಳಾಸ ಸರಿ, ಡಿಎನ್‌ಎಸ್ ಸರಿ, ಪಿಂಗ್ ಸರಿ. ಸಣ್ಣದು ಹೋಗುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ ಎಂಬ ಚಹರೆ ಕಂಡರೆ ಗಾತ್ರದ ಮೇಲೆ ಸಂಶಯ ಬರಬೇಕು.

ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ಟು 1500 ಬೈಟ್‌ವರೆಗೆ ಇರಬಹುದು. ಪಿಪಿಪಿಒಇ ತನ್ನ ಚೀಟಿ ಅಂಟಿಸಲು 8 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1492. ಲ್ಯಾಪ್‌ಟಾಪಿಗೆ ಈ ವಿಷಯ ಗೊತ್ತಿಲ್ಲ. ತನ್ನ ಕೊಂಡಿಯ 1500ರಲ್ಲಿ ಐಪಿಯ ತಲೆಬರಹಕ್ಕೆ 20, ಟಿಸಿಪಿಯದಕ್ಕೆ 20 ಕಳೆದು ‘ಒಂದು ಸಲಕ್ಕೆ 1460ವರೆಗೆ ಕಳಿಸಬಹುದು’ ಎಂದು ಬ್ಯಾಂಕಿನ ಸರ್ವರಿಗೆ ಹೇಳುತ್ತದೆ. ಆ ಅಂಕಿಗೆ ಎಂಎಸ್‌ಎಸ್ ಎಂದು ಹೆಸರು. ಸರ್ವರು ಅದನ್ನು ನಂಬಿ ತುಂಬಿದ 1500ರ ಪ್ಯಾಕೆಟ್ಟು ಕಳಿಸುತ್ತದೆ. ಆಪರೇಟರಿನ ಆ ಕಡೆಯ ಯಂತ್ರಕ್ಕೆ ಬಂದಾಗ ಅದು ಕೊಳವೆಯೊಳಗೆ ಹಿಡಿಸುವುದಿಲ್ಲ. ಯಂತ್ರ ‘1492ಕ್ಕೆ ಇಳಿಸು’ ಎಂದು ಐಸಿಎಂಪಿಯಲ್ಲಿ (ದಾರಿಯ ತೊಂದರೆ ತಿಳಿಸುವ ಸಂದೇಶದಲ್ಲಿ) ಹಿಂದಕ್ಕೆ ಹೇಳಿಕಳಿಸುತ್ತದೆ. ಸರ್ವರಿನ ಮುಂದೆ ಕೂತ ಯಾರೋ ಭದ್ರತೆಗೆ ಅಂತ ಐಸಿಎಂಪಿಯನ್ನೆಲ್ಲ ತಡೆದಿದ್ದರೆ ಆ ಮಾತು ಮುಟ್ಟುವುದೇ ಇಲ್ಲ. ಸರ್ವರು ಅದೇ ಗಾತ್ರದ್ದನ್ನು ಮತ್ತೆ ಮತ್ತೆ ಕಳಿಸುತ್ತದೆ, ಅದು ಮತ್ತೆ ಮತ್ತೆ ಬೀಳುತ್ತದೆ.

ಪೇಜು ಮೊದಲಿನಲ್ಲೇ ನಿಲ್ಲುವುದಕ್ಕೂ ಕಾರಣ ಇಲ್ಲಿದೆ. ಎಚ್‌ಟಿಟಿಪಿಎಸ್‌ನಲ್ಲಿ ಸರ್ವರಿನಿಂದ ಬರುವ ಮೊದಲ ಭಾರಿ ಸಾಮಾನು ಅದರ ಸರ್ಟಿಫಿಕೇಟು. ಅದೇ ಸಿಕ್ಕಿಕೊಂಡರೆ ಬ್ರೌಸರಿಗೆ ಬರೀ ತಿರುಗುವುದೊಂದೇ ಕೆಲಸ. ವಾಟ್ಸಾಪಿನ ಅಕ್ಷರಗಳು ಸಣ್ಣವು, ನುಸುಳಿಕೊಳ್ಳುತ್ತವೆ. ಯೂಟ್ಯೂಬು ಕ್ವಿಕ್ ಎಂಬ ಯುಡಿಪಿ ಮೇಲಿನ ಪ್ರೋಟೋಕಾಲ್ ಬಳಸುತ್ತದೆ, ಅದು 1200 ಬೈಟಿನ ಆಸುಪಾಸಿನ ಪ್ಯಾಕೆಟ್ಟಿನಿಂದಲೇ ಮಾತು ಶುರುಮಾಡುವುದರಿಂದ ಈ ಇಕ್ಕಟ್ಟಿಗೆ ಸಿಗುವುದಿಲ್ಲ. ಕೇಬಲ್‌ನವರ ಹಳೇ ಡಬ್ಬಿ ಹಾಕಿದರೆ ಸರಿಯಾಗುತ್ತಿತ್ತು ಎಂದು ಅಕ್ಕ ಮೊದಲ ದಿನವೇ ಹೇಳಿದ್ದಳು. ನಾನು ಅದನ್ನು ದೂರು ಅಂತ ಕೇಳಿಸಿಕೊಂಡೆ, ಸುಳಿವು ಅಂತ ಕೇಳಿಸಿಕೊಳ್ಳಲಿಲ್ಲ.

ಪರೀಕ್ಷೆ ಹೀಗೆ. ರೂಟರಿನ ಬ್ಯುಸಿಬಾಕ್ಸ್ ಪಿಂಗ್‌ಗೆ ‘ತುಂಡು ಮಾಡಬೇಡ’ ಎನ್ನುವ ಆಯ್ಕೆ ಇಲ್ಲ, ಅದಕ್ಕೆ ಲ್ಯಾಪ್‌ಟಾಪಿನಿಂದಲೇ ಮಾಡಿ. ಆ ಆಯ್ಕೆ ಹಾಕಿ ಗಾತ್ರ 1464 ಕೊಟ್ಟು ಪಿಂಗ್ ಮಾಡಿ. ಐಪಿಯ 20, ಐಸಿಎಂಪಿಯ 8 ಸೇರಿ 1492 ಆಗುತ್ತದೆ, ಇದು ಹೋಗಬೇಕು. 1472 ಕೊಟ್ಟರೆ 1500 ಆಗುತ್ತದೆ, ಇದಕ್ಕೆ ರೂಟರೇ ‘1492ಕ್ಕೆ ಮೇಲಾಯಿತು’ ಎಂದು ಉತ್ತರ ಕೊಡಬೇಕು. ಹಾಗೆ ಕೊಟ್ಟರೆ ಅದು ಆರೋಗ್ಯದ ಲಕ್ಷಣ. 1464ಕ್ಕೇ ಮೌನವಾದರೆ ದಾರಿ ಇನ್ನೂ ಕಿರಿದು, 1400ಕ್ಕೆ ಇಳಿದು ಅಲ್ಲಿಂದ ಹತ್ತಿ ನೋಡಿ.

ಅಕ್ಕನ ಮನೆಯಲ್ಲಿ 1464 ಹೋಯಿತು, ಅಂದರೆ ಲೈನು ಸರಿ. ಆಮೇಲೆ ಟಿಸಿಪಿಡಂಪನ್ನು ಪಿಪಿಪಿಒಇ ಇಂಟರ್‌ಫೇಸಿನ ಮೇಲೆ ಕೂರಿಸಿ, ಸಂಪರ್ಕ ಶುರುಮಾಡುವ ಸಿನ್ ಪ್ಯಾಕೆಟ್ಟುಗಳನ್ನು ಮಾತ್ರ ವಿವರವಾಗಿ ತೋರಿಸು ಅಂದೆ. ಹೊರಹೋಗುವ ಸಿನ್‌ನಲ್ಲಿ ಎಂಎಸ್‌ಎಸ್ 1460 ಅಂತಿತ್ತು. ಇರಬೇಕಾದದ್ದು 1452.

ದಾರಿಯಲ್ಲಿ ಆ ಅಂಕಿಯನ್ನು ತಿದ್ದಿ ಕಳಿಸುವುದು ರೂಟರಿನ ಕೆಲಸ. ಓಪನ್‌ಡಬ್ಲ್ಯುಆರ್‌ಟಿಯ ಜೊತೆ ಬರುವ ‘ವ್ಯಾನ್’ ಝೋನಿನಲ್ಲಿ (ಒಂದೇ ನಿಯಮಗಳಿರುವ ಸಂಪರ್ಕಗಳ ಗುಂಪಿನಲ್ಲಿ) ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂಬ ಈ ತಿದ್ದುವಿಕೆ ಮೊದಲೇ ಚಾಲೂ ಇರುತ್ತದೆ. ನಾನು ಅಂದಕ್ಕೆ ಅಂತ ‘ಫೈಬರ್’ ಹೆಸರಿನ ಹೊಸ ಝೋನ್ ಮಾಡಿ, ಮಾಸ್ಕರೇಡಿಂಗ್‌ಗೆ ಟಿಕ್ ಹಾಕಿ, ಅದರ ಪಕ್ಕದ ಚೌಕವನ್ನು ಬಿಟ್ಟಿದ್ದೆ. ಆ ಒಂದು ಟಿಕ್ ಹಾಕಿದ ಮೇಲೆ ಸಿನ್ 1452 ಹೊತ್ತು ಹೋಯಿತು, ಫೀಸು ಕಟ್ಟಿ ಆಯಿತು.

ಓಪನ್‌ಡಬ್ಲ್ಯುಆರ್‌ಟಿಯ ಬದಲು ಡೆಬಿಯನ್ ಲಿನಕ್ಸ್ ಮೇಲೆ ನೀವೇ ಎನ್‌ಎಫ್‌ಟೇಬಲ್ಸ್ ಫೈರ್‌ವಾಲ್ ನಿಯಮ ಬರೆದಿದ್ದರೆ ಫಾರ್ವರ್ಡ್ ಚೈನಿನಲ್ಲಿ ಬೇಕಾದ ಸಾಲು ‘ಟಿಸಿಪಿ ಫ್ಲ್ಯಾಗ್ಸ್ ಸಿನ್ ಟಿಸಿಪಿ ಆಪ್ಷನ್ ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು’. ಹೊಸ ಬಗೆಯ ವಿಳಾಸಗಳ ಐಪಿವಿ6ರ ತಲೆಬರಹ 40 ಬೈಟ್ ಆದ್ದರಿಂದ ಅಲ್ಲಿ ಅಂಕಿ 1432. ಐಪಿವಿ6ನಲ್ಲಿ ನಡುದಾರಿಯ ರೂಟರು ಪ್ಯಾಕೆಟ್ಟನ್ನು ಎಂದೂ ತುಂಡು ಮಾಡುವುದಿಲ್ಲ, ಹಾಗಾಗಿ ಐಸಿಎಂಪಿವಿ6 ತಡೆದರೆ ಕಷ್ಟ ದುಪ್ಪಟ್ಟು. ಐಸಿಎಂಪಿಯನ್ನು ಪೂರ್ತಿ ಮುಚ್ಚಿ ಎಂದು ಬುದ್ಧಿ ಹೇಳುವವರ ಮಾತಿಗೆ ನನ್ನ ಮನೆಯಲ್ಲಂತೂ ಬೆಲೆಯಿಲ್ಲ.

ತಪ್ಪು ನಿಜಕ್ಕೂ ಫೈರ್‌ವಾಲಿನದ್ದಾದರೆ

ಒಳಗಿನ ಬ್ರಿಡ್ಜಿನ ಮೇಲೊಂದು, ವ್ಯಾನಿನ ಮೇಲೊಂದು ಟಿಸಿಪಿಡಂಪ್ ಇಡಿ. ಒಳಗಿನಿಂದ ಬಂದ ಪ್ಯಾಕೆಟ್ಟು ವ್ಯಾನಿನಿಂದ ಹೊರಬೀಳದಿದ್ದರೆ ತಪ್ಪು ನಮ್ಮ ಪೆಟ್ಟಿಗೆಯದು. ಹೊರಬಿದ್ದೂ ಉತ್ತರ ಇಲ್ಲದಿದ್ದರೆ ಆಚೆಯದು. ಒಂದು ಎಚ್ಚರ: ಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ಫೈರ್‌ವಾಲಿಗಿಂತ ಮೊದಲು ನೋಡುತ್ತದೆ, ಹೋಗುವುದನ್ನು ಫೈರ್‌ವಾಲ್ ಆದ ಮೇಲೆ. ವ್ಯಾನಿಗೆ ಬಂದದ್ದು ಕಂಡಿತು ಅಂದಮಾತ್ರಕ್ಕೆ ಫೈರ್‌ವಾಲ್ ಒಳಗೆ ಬಿಟ್ಟಿತು ಅಂತಲ್ಲ. ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ಹೊಡೆದು, ಯಾವ ನಿಯಮದ ಎಣಿಕೆ ಏರುತ್ತಿದೆ ನೋಡಿ.

ಮನೆಗೆ ಬರುವವರಲ್ಲಿ ಎರಡು ಬಗೆ: ಜಗಲಿಯಲ್ಲಿ ಕೂತು ಮಾತಾಡಿ ಹೋಗುವವರು, ನಡುಮನೆ ಹಾದು ಹಿತ್ತಲಿಗೆ ಹೋಗುವವರು. ಫೈರ್‌ವಾಲಿನಲ್ಲಿ ಇವು ಇನ್‌ಪುಟ್ ಮತ್ತು ಫಾರ್ವರ್ಡ್. ಅತಿಥಿಗಳಿಗೆ ಬೇರೆ ವೈಫೈ ಮಾಡಿ ಇನ್‌ಪುಟ್ ಮುಚ್ಚಿ, ಫಾರ್ವರ್ಡ್ ತೆರೆದರೆ ಅವರ ಫೋನಿಗೆ ವಿಳಾಸವೇ ಸಿಗುವುದಿಲ್ಲ. ಡಿಎಚ್‌ಸಿಪಿಯ 67 ಮತ್ತು ಡಿಎನ್‌ಎಸ್‌ನ 53 ಪೋರ್ಟು ಎರಡೂ ರೂಟರನ್ನೇ ಮಾತಾಡಿಸಲು ಬರುವಂಥವು, ಅವಕ್ಕೆ ಇನ್‌ಪುಟ್‌ನಲ್ಲಿ ಅನುಮತಿ ಬೇಕು. ಹೊಸ ವಯರ್‌ಗಾರ್ಡ್ ವಿಪಿಎನ್ ಇಂಟರ್‌ಫೇಸನ್ನು ಯಾವ ಝೋನಿಗೂ ಸೇರಿಸದೆ ಬಿಡುವುದು ಇದೇ ಜಾತಿಯ ಇನ್ನೊಂದು ಮರೆವು. ಡೆಬಿಯನ್‌ನವರಿಗೆ ಪ್ಯಾಕೆಟ್ಟು ದಾಟಿಸಲು ಬಿಡುವ ಐಪಿ ಫಾರ್ವರ್ಡ್ ಅನ್ನು 1 ಮಾಡಿ, ಸಿಸ್‌ಸಿಟಿಎಲ್ ಫೈಲಿನಲ್ಲಿ ಬರೆಯದೆ ಬಿಡುವ ಅಭ್ಯಾಸ. ರೀಬೂಟ್‌ವರೆಗೆ ಓಡುತ್ತದೆ.

ಒಂಬತ್ತು ಗಂಟೆಗೆ ಮಗನ ಆಟ ನಿಲ್ಲಿಸುವ ನಿಯಮ ಹಾಕಿದರೂ ಆಟ ನಿಲ್ಲುವುದಿಲ್ಲವೇ? ಆಗಲೇ ಸ್ಥಾಪನೆಯಾದ ಸಂಪರ್ಕವನ್ನು ಬಿಡು ಎಂಬ ನಿಯಮ ಎಲ್ಲಕ್ಕಿಂತ ಮೇಲಿರುತ್ತದೆ, ನಿಮ್ಮದು ಹೊಸದಕ್ಕೆ ಮಾತ್ರ. ಆ ಸಂಪರ್ಕವನ್ನು ಕಾನ್‌ಟ್ರ್ಯಾಕ್ ಎಂಬ ಸಂಪರ್ಕಗಳ ಪಟ್ಟಿಯಿಂದ ಅಳಿಸಬೇಕು. ಪೋರ್ಟ್ ಫಾರ್ವರ್ಡ್ ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡಬೇಡಿ, ಮೊಬೈಲ್ ಡೇಟಾದಿಂದ ಮಾಡಿ. ಇನ್ನು, 2022ರ 22.03 ಆವೃತ್ತಿಯಿಂದ ಓಪನ್‌ಡಬ್ಲ್ಯುಆರ್‌ಟಿ ಎನ್‌ಎಫ್‌ಟೇಬಲ್ಸ್‌ಗೆ ಹೋಗಿದೆ. ಎಲ್ಲೋ ಸಿಕ್ಕ ಹಳೆಯ ಐಪಿಟೇಬಲ್ಸ್ ಸಾಲುಗಳನ್ನು ಅಂಟಿಸಿ ಕಾಯುತ್ತ ಕೂರಬೇಡಿ.

ದಿನ ಕಳೆದಂತೆ ನಿಧಾನವಾದರೆ

ರೀಬೂಟ್ ಮಾಡಿದರೆ ಸರಿ, ಕೆಲವು ದಿನಕ್ಕೆ ಮತ್ತೆ ಹೊಸ ಪೇಜು ತೆರೆಯುವುದಿಲ್ಲ, ಆದರೆ ಓಡುತ್ತಿರುವ ವಿಡಿಯೊ ಓಡುತ್ತಲೇ ಇರುತ್ತದೆ. ಕರ್ನಲ್ ಲಾಗಿನಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಇದ್ದರೆ ಸಂಪರ್ಕಗಳ ಪಟ್ಟಿ ತುಂಬಿದೆ. ಟೊರೆಂಟು, ಕೆಟ್ಟ ಕ್ಯಾಮೆರಾ, ವೈರಸ್ ಹೊಕ್ಕ ಪಿಸಿ, ಯಾವುದೆಂದು ಹುಡುಕಿ. ಲಿನಕ್ಸ್ ಕರ್ನಲ್ ತಾನಾಗಿ ಬಿಟ್ಟರೆ ಸ್ಥಾಪನೆಯಾದ ಟಿಸಿಪಿ ಸಂಪರ್ಕವನ್ನು 4,32,000 ಸೆಕೆಂಡು, ಅಂದರೆ ಐದು ದಿನ ನೆನಪಿಡುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಅದನ್ನು 7,440ಕ್ಕೆ ಇಳಿಸಿದೆ. ಡೆಬಿಯನ್‌ನಲ್ಲಿ ಕಟ್ಟಿದವರು ತಾವೇ ಇಳಿಸಿಕೊಳ್ಳಬೇಕು.

ಒಳಗೆ ಹೋಗಲಾಗದಿದ್ದರೆ

ಲೂಸಿಯಲ್ಲಿ ತಪ್ಪು ಸೆಟ್ಟಿಂಗ್ ಒತ್ತಿ ಸಂಪರ್ಕ ಕಡಿದುಕೊಂಡರೆ ಗಾಬರಿಯಿಂದ ಪ್ಲಗ್ ಕೀಳಬೇಡಿ. ಸುಮಾರು 90 ಸೆಕೆಂಡು ಸುಮ್ಮನಿದ್ದರೆ ಅದೇ ಹಿಂದಿನ ಸ್ಥಿತಿಗೆ ಮರಳುತ್ತದೆ. ದೂರದಿಂದ ಕಮಾಂಡು ಹೊಡೆಯುವ ಎಸ್‌ಎಸ್‌ಎಚ್‌ನಲ್ಲಿ ಈ ದಯೆಯಿಲ್ಲ. ಅಲ್ಲಿ ಬದಲಿಸುವ ಮುಂಚೆ ಸೆಟ್ಟಿಂಗಿನ ಪ್ರತಿ ತೆಗೆದಿಟ್ಟು, ಐದು ನಿಮಿಷದ ನಂತರ ಆ ಪ್ರತಿಯನ್ನೇ ವಾಪಸ್ ಹಾಕುವ ಸ್ಕ್ರಿಪ್ಟನ್ನು ಹಿನ್ನೆಲೆಯಲ್ಲಿ ಓಡಿಸಿಬಿಡುತ್ತೇನೆ. ಎಲ್ಲ ಸರಿಯಾದರೆ ಅದನ್ನು ಕೊಲ್ಲುತ್ತೇನೆ.

ಅದೂ ಆಗದಿದ್ದರೆ ಫೇಲ್‌ಸೇಫ್, ಅಂದರೆ ನಿಮ್ಮ ಸೆಟ್ಟಿಂಗ್ ಬಿಟ್ಟು ಏಳುವ ಸ್ಥಿತಿ. ಪೆಟ್ಟಿಗೆ ಏಳುವಾಗ ದೀಪ ಮಿನುಗುವ ಹೊತ್ತಿಗೆ ರಿಸೆಟ್ ಗುಂಡಿ ಒತ್ತಿ. ಪಿಸಿ ಥರದ ಪೆಟ್ಟಿಗೆಯಾದರೆ ಬೂಟ್ ಮೆನುವಿನಲ್ಲೇ ಈ ಆಯ್ಕೆ ಇರುತ್ತದೆ. ಆಗ ಅದು 192.168.1.1ರಲ್ಲಿ ಸಿಗುತ್ತದೆ, ನೀವು ಏನೇ ಬದಲಿಸಿದ್ದರೂ. ಡಿಎಚ್‌ಸಿಪಿ ಇರುವುದಿಲ್ಲ, ಲ್ಯಾಪ್‌ಟಾಪಿಗೆ ಕೈಯಾರೆ 192.168.1.2 ಕೊಡಿ. ಪಾಸ್‌ವರ್ಡಿಲ್ಲದೆ ಎಸ್‌ಎಸ್‌ಎಚ್ ಮಾಡಿ, ಸೆಟ್ಟಿಂಗ್ ಫೈಲುಗಳನ್ನು ಕೈಗೆ ಸಿಗಿಸುವ ಮೌಂಟ್‌ರೂಟ್ ಓಡಿಸಿ, ಕೆಟ್ಟ ಸಾಲನ್ನು ತಿದ್ದಿ. ಎಲ್ಲವನ್ನೂ ಅಳಿಸುವ ಫಸ್ಟ್‌ಬೂಟ್ ಕೊನೆಯ ಉಪಾಯ.

ಅಕ್ಕನ ಮನೆಯ ಪೆಟ್ಟಿಗೆಯ ಬೆನ್ನಿಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ: ಲ್ಯಾನ್ ವಿಳಾಸ, ವಿಲ್ಯಾನ್ ಸಂಖ್ಯೆ, ಪಿಪಿಪಿಒಇ ಹೆಸರು, ಯಾವುದು ವ್ಯಾನ್ ಪೋರ್ಟು, ಕೊನೆಗೆ ಏನು ಬದಲಿಸಿದೆ ಮತ್ತು ಯಾವ ದಿನ. ಪಾಸ್‌ವರ್ಡ್ ಮಾತ್ರ ಅಕ್ಕನ ಲೆಕ್ಕದ ಪುಸ್ತಕದಲ್ಲಿ, ಹಾಲಿನ ಲೆಕ್ಕದ ಪುಟದ ಹಿಂದೆ ಇದೆ.